ತಿಜೋರಿಯಿಂದ ಪಾಸ್‌ವರ್ಡಿಗೆ: ಮುಂಬಯಿಯಲ್ಲಿ ಭದ್ರತೆ ಮಾರುವ ಕಸುಬು

ವಿಮೆ, ಬೀಗ, ತಿಜೋರಿ, ಆಂಟಿವೈರಸ್, ಸೈಬರ್ ಭದ್ರತೆ ಹೀಗೆ ಕಾಲಕಾಲಕ್ಕೆ ಸರಕು ಬದಲಾದರೂ ಮುಂಬಯಿಯಲ್ಲಿ ಭದ್ರತೆಯನ್ನು ಮಾರುವ ಕಸುಬಿಗೆ ಒಂದೂವರೆ ಶತಮಾನದ ಇತಿಹಾಸವಿದೆ. ಈ ಸರಕಿಗೆ ಒಂದು ವಿಚಿತ್ರ ಗುಣವಿದೆ. ಅಕ್ಕಿ ಕೊಂಡವನು ಅಂದೇ ಅನ್ನ ಮಾಡಿ ನೋಡಬಹುದು. ತಿಜೋರಿ ಕೊಂಡವನು ಅದರ ಗಟ್ಟಿತನ ತಿಳಿಯಲು ಕಳ್ಳನೋ ಬೆಂಕಿಯೋ ಬರುವ ತನಕ ಕಾಯಬೇಕು, ಅಂಥ ದಿನ ಬಾರದಿರಲಿ ಎಂದೇ ಹಾರೈಸಬೇಕು. ಆದ್ದರಿಂದ ಇಲ್ಲಿ ಸರಕಿಗಿಂತ ಮೊದಲು ಮಾರುವವನ ಮಾತು ಪರೀಕ್ಷೆಗೆ ಒಳಗಾಗುತ್ತದೆ. ಕಸುಬಿಗೆ ಹೊಸದಾಗಿ ಸೇರುವವರು ಏನನ್ನು ಕಲಿತು ಬರಬೇಕು ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದದ್ದೇ ಈ ಇತಿಹಾಸದ ಮುಖ್ಯ ಎಳೆ.

ಕೈಗೆ ಸಿಗದ ಭದ್ರತೆಯನ್ನು ಈ ಊರಿನಲ್ಲಿ ಮೊದಲು ಮನೆಮನೆಗೆ ಒಯ್ದವರು ವಿಮಾ ಏಜೆಂಟರು. ಬಾಂಬೆ ಮ್ಯೂಚುವಲ್ ಲೈಫ್ ಅಶ್ಯೂರೆನ್ಸ್ ಸೊಸೈಟಿ 1870ರಲ್ಲಿ ಹುಟ್ಟಿತು. ವಿದೇಶಿ ಕಂಪನಿಗಳು ಭಾರತೀಯರಿಂದ ಹೆಚ್ಚಿನ ಕಂತು ವಸೂಲು ಮಾಡುತ್ತಿದ್ದ ಕಾಲದಲ್ಲಿ ಅದು ಎಲ್ಲರಿಗೂ ಒಂದೇ ದರ ಇಟ್ಟಿತು. 1874ರಲ್ಲಿ ಓರಿಯಂಟಲ್ ಕಂಪನಿ ಬಂತು. 1956ರಲ್ಲಿ 245 ವಿಮಾ ಸಂಸ್ಥೆಗಳು ರಾಷ್ಟ್ರೀಕರಣಗೊಂಡು, ಮುಂಬಯಿಯಲ್ಲೇ ಕೇಂದ್ರ ಕಚೇರಿ ಇರುವ ಜೀವ ವಿಮಾ ನಿಗಮದೊಳಗೆ ಸೇರಿದವು. ಏಜೆಂಟನ ಬಂಡವಾಳ ಪರಿಚಯ: ಯಾರ ಮನೆಯಲ್ಲಿ ದುಡಿಯುವವರೆಷ್ಟು, ಉಣ್ಣುವವರೆಷ್ಟು ಎಂಬ ತಿಳಿವಳಿಕೆ. ಸಾವಿನ ಮಾತನ್ನು ಅಪಶಕುನವೆನಿಸದಂತೆ ಎತ್ತುವ ನಯ ಅವನ ಕಲೆ. ಭಯ ಹುಟ್ಟಿಸದೆ ಅಪಾಯವನ್ನು ವಿವರಿಸುವ ಈ ಕಲೆ ಮುಂದೆ ಭದ್ರತೆ ಮಾರಿದವರೆಲ್ಲರಿಗೂ ಬೇಕಾಯಿತು.

ಕೈಯಲ್ಲಿ ಹಿಡಿಯಬಹುದಾದ ಭದ್ರತೆಯ ದೇಶೀಯ ಉದ್ಯಮ ಮುಂಬಯಿಯ ಲಾಲ್‌ಬಾಗ್‌ನ ಒಂದು ಶೆಡ್ಡಿನಲ್ಲಿ ಆರಂಭವಾಯಿತು. ಅರ್ದೇಶಿರ್ ಗೋದ್ರೆಜ್ ಕಾನೂನು ಓದಿದವರು. ವಕೀಲಿಕೆಗೆಂದು ಜಾಂಜಿಬಾರ್‌ಗೆ ಹೋಗಿ, ಕಕ್ಷಿದಾರನಿಗಾಗಿ ಸತ್ಯವನ್ನು ತಿರುಚಲು ಒಪ್ಪದೆ ಆ ವೃತ್ತಿಯನ್ನೇ ಬಿಟ್ಟು ಮರಳಿದರು. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ತಯಾರಿಸುವ ಮೊದಲ ಯತ್ನ ಕೈಗೂಡಲಿಲ್ಲ. 1897ರಲ್ಲಿ ಅವರು ಬೀಗ ತಯಾರಿಕೆಗೆ ಇಳಿದರು. 1902ರಲ್ಲಿ ತಿಜೋರಿಯೂ ಸಿದ್ಧವಾಯಿತು. ಆ ತನಕ ಪೇಟೆಯಲ್ಲಿ ಮಾನ್ಯತೆ ಇದ್ದದ್ದು ಲಂಡನ್ನಿನ ಚಬ್‌ನಂಥ ವಿಲಾಯಿತಿ ಹೆಸರುಗಳಿಗೆ. ದೇಶೀಯ ತಿಜೋರಿ ಮಾರುವವನು ಪೇಢಿಯ, ಅಂದರೆ ವ್ಯಾಪಾರಿ ಸಂಸ್ಥೆಯ, ಸೇಠನ ಎದುರು ಎರಡು ಅನುಮಾನಗಳಿಗೆ ಉತ್ತರ ಕೊಡಬೇಕಿತ್ತು: ಇದು ಕಳ್ಳನಿಗೆ ಜಗ್ಗುವುದಿಲ್ಲವೇ, ಬೆಂಕಿಗೆ ಬಾಗುವುದಿಲ್ಲವೇ?

ಎರಡನೆಯದಕ್ಕೆ ಉತ್ತರ 1944ರ ಏಪ್ರಿಲ್ 14ರಂದು ಬಂತು. ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟೈಕೀನ್ ಎಂಬ ಹಡಗಿನಲ್ಲಿ ಸ್ಫೋಟಕಗಳ ಜೊತೆಗೆ ಹತ್ತಿ ಮೂಟೆಗಳೂ ಚಿನ್ನದ ಗಟ್ಟಿಗಳೂ ಇದ್ದವು. ಹಡಗು ಸಿಡಿದು ಬಂದರಿನ ಸುತ್ತಲಿನ ಗೋದಾಮುಗಳೂ ವಸತಿಗಳೂ ಉರಿದವು, ನೂರಾರು ಜನ ಸತ್ತರು. ಬೂದಿಯ ನಡುವೆ ಸಿಕ್ಕ ಗೋದ್ರೆಜ್ ತಿಜೋರಿಗಳೊಳಗೆ ಕಾಗದಪತ್ರಗಳು ಹಾಗೇ ಉಳಿದಿದ್ದವು ಎಂಬುದು ಆ ಸಂಸ್ಥೆಯ ಚರಿತ್ರೆಯಲ್ಲಿ ಸ್ಥಿರವಾಗಿ ನಿಂತಿರುವ ಸಂಗತಿ. ಭದ್ರತೆಯ ವ್ಯಾಪಾರದಲ್ಲಿ ಒಂದು ಅನಾಹುತ ನೂರು ಜಾಹೀರಾತಿಗೆ ಸಮ. ಮಾರುವವನಿಗೆ ಆ ಅನಾಹುತದ ವಿವರ ತಿಳಿದಿರಬೇಕು. 

ಇಂಥ ಪೇಢಿಗಳಿಗೂ ಕಂಪನಿಗಳಿಗೂ ನೌಕರರನ್ನು ಸಿದ್ಧಗೊಳಿಸುವ ವಿದ್ಯೆ ಬೇರೆಯಾಗಿಯೇ ಬೆಳೆಯಿತು. ಸೊಹ್ರಾಬ್ ದಾವರ್ ಅವರ ವಾಣಿಜ್ಯ ಕಾಲೇಜು 1900ರಲ್ಲಿ, ಸಿಡೆನ್‌ಹ್ಯಾಮ್ ಕಾಲೇಜು 1913ರಲ್ಲಿ ಆರಂಭವಾದವು. ಕರಾವಳಿಯಿಂದ ಬಂದ ಕನ್ನಡ-ತುಳು ಹುಡುಗರಿಗೆ ಆ ಮೆಟ್ಟಿಲು ಎತ್ತರದ್ದು. ಹಗಲು ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿಯುತ್ತಿದ್ದ ಅವರ ನೆರವಿಗೆ ಬಂದದ್ದು ರಾತ್ರಿ ಶಾಲೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ಫೋರ್ಟ್ ಭಾಗದಲ್ಲಿ ಉಚಿತ ರಾತ್ರಿ ಶಾಲೆ ತೆರೆಯಿತು. ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿ ಶಾಲೆಯೂ ಅದೇ ದಾರಿ ಹಿಡಿಯಿತು. ಅಲ್ಲಿ ಮೆಟ್ರಿಕ್ ಮುಗಿಸಿ, ಟೈಪಿಂಗ್-ಶಾರ್ಟ್‌ಹ್ಯಾಂಡ್ ಕಲಿತು, ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲವನಾದರೆ ಕಚೇರಿಯ ಬಾಗಿಲು ತಟ್ಟುವ ಧೈರ್ಯ ಬರುತ್ತಿತ್ತು. ಆ ಕಾಲದ ಸಂದರ್ಶನದಲ್ಲಿ ಅಕ್ಷರ, ಲೆಕ್ಕ, ಟೈಪಿಂಗ್ ವೇಗ ಮತ್ತು ಗೊತ್ತಿರುವವರ ಶಿಫಾರಸು ಇವಿಷ್ಟಕ್ಕೆ ಬೆಲೆ.

ಮಾರಾಟವೇ ಕಲಿಯಬೇಕಾದ ವಿದ್ಯೆ ಎಂಬ ಭಾವನೆ ಗಟ್ಟಿಯಾದದ್ದು ಯುರೇಕಾ ಫೋರ್ಬ್ಸ್ ಕಂಪನಿ 1982ರಲ್ಲಿ ಬಂದ ಮೇಲೆ. ವ್ಯಾಕ್ಯೂಮ್ ಕ್ಲೀನರನ್ನೂ ನೀರು ಶುದ್ಧಿಯ ಯಂತ್ರವನ್ನೂ ಅಂಗಡಿಯಲ್ಲಿಟ್ಟು ಗಿರಾಕಿಗೆ ಕಾಯದೆ, ಟೈ ಕಟ್ಟಿದ ತರುಣರು ಹೌಸಿಂಗ್ ಸೊಸೈಟಿಗಳ ಬಾಗಿಲಿಗೆ ಒಯ್ದು ಅಲ್ಲೇ ನಡೆಸಿ ತೋರಿಸಿದರು. ಕಾವಲುಗಾರನನ್ನು ಒಲಿಸಿ ಗೇಟು ದಾಟುವುದು, ಬಾಗಿಲು ಮುಚ್ಚಿದರೆ ಮುಂದಿನ ಬಾಗಿಲಿಗೆ ಅದೇ ಮುಖದಿಂದ ಹೋಗುವುದು, ಕಣ್ಣಿಗೆ ಕಾಣದ ಧೂಳನ್ನೂ ರೋಗಾಣುವನ್ನೂ ಕಾಣಿಸುವಂತೆ ಮಾತಾಡುವುದು ಆ ತರಬೇತಿಯ ಪಾಠಗಳು. ತಿರಸ್ಕಾರವನ್ನು ತಡೆದುಕೊಳ್ಳುವ ಶಕ್ತಿ ಮಾರಾಟದ ಕೆಲಸಕ್ಕೆ ಮುಖ್ಯ ಅರ್ಹತೆಯಾಯಿತು.

ಕಂಪ್ಯೂಟರಿಗೆ ಬೀಗ ಬೇಕಾದದ್ದು ಇದೇ ದಶಕದಲ್ಲಿ. ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ವೈರಸ್ 1986ರಲ್ಲಿ ಫ್ಲಾಪಿಗಳ ಮೂಲಕ ಲೋಕ ಸುತ್ತಿತು. 1990ರಲ್ಲಿ ಭಾರತದಲ್ಲಿ ಪತ್ತೆಯಾದ ‘ಜೋಷಿ’ ವೈರಸ್ ಪ್ರತಿ ಜನವರಿ 5ರಂದು ಯಂತ್ರವನ್ನು ತಡೆದು, ಜೋಷಿಗೆ ಹುಟ್ಟುಹಬ್ಬದ ಶುಭಾಶಯ ಟೈಪ್ ಮಾಡುವಂತೆ ಕೇಳುತ್ತಿತ್ತು. ಗ್ರ್ಯಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರೋಡ್ ಆಗ ಬಿಡಿಭಾಗಗಳ ಪೇಟೆ. ಕಂಪ್ಯೂಟರ್ ಜೋಡಿಸಿ ಕೊಡುವವರೂ ರಿಪೇರಿ ಮಾಡುವವರೂ ಅಲ್ಲೇ. ಈ ಘಟ್ಟದಲ್ಲಿ ರಿಪೇರಿಯವನೇ ಭದ್ರತೆಯ ಮಾರಾಟಗಾರನೂ ಆದ. ನೆರೆಯ ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ರಿಪೇರಿಯಿಂದ ಬದುಕು ಆರಂಭಿಸಿದ ಕೈಲಾಶ್ ಕಾಟ್ಕರ್, ತಮ್ಮ ಸಂಜಯ್ ಜೊತೆಗೂಡಿ ಕಟ್ಟಿದ ಕ್ವಿಕ್ ಹೀಲ್ ಇದಕ್ಕೆ ದೊಡ್ಡ ನಿದರ್ಶನ. ಆಂಟಿವೈರಸ್ ಬೀಗದಂತೆ ಒಮ್ಮೆ ಕೊಂಡರೆ ಮುಗಿಯುವ ಸರಕಲ್ಲ. ವರ್ಷ ತುಂಬಿದಾಗ ಪರವಾನಗಿ ನವೀಕರಿಸಬೇಕು. ಹೀಗಾಗಿ ಮಾರಿದ ಮೇಲೆಯೂ ಗಿರಾಕಿಯ ನಂಟು ಉಳಿಸಿಕೊಳ್ಳುವುದು ಕಸುಬಿನ ಭಾಗವಾಯಿತು.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಿಟ್ಟಿತು. ಷೇರುಪೇಟೆಯ ಕೂಗಾಟದ ವಹಿವಾಟು ಅದೇ ಸುಮಾರಿಗೆ ಪರದೆಗೆ ಬಂತು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಯಾಯಿತು. ಮಲಾಡ್, ಅಂಧೇರಿಗಳ ಕಾಲ್ ಸೆಂಟರ್‌ಗಳು ಸಾವಿರಾರು ತರುಣ ತರುಣಿಯರಿಗೆ ಕಾಣದ ಗಿರಾಕಿಯೊಡನೆ ಫೋನಿನಲ್ಲೇ ವ್ಯವಹರಿಸುವುದನ್ನು ಕಲಿಸಿದವು. ಬಾಗಿಲು ತಟ್ಟುತ್ತಿದ್ದ ಸೇಲ್ಸ್‌ಮನ್ನನ ಜಾಗಕ್ಕೆ, ಕಚೇರಿಯಲ್ಲಿ ಕೂತು ದಿನವಿಡೀ ಕರೆ ಮಾಡಿ ಹಿರಿಯ ಮಾರಾಟಗಾರನಿಗೆ ಭೇಟಿ ಗೊತ್ತುಮಾಡಿ ಕೊಡುವ ಹುದ್ದೆ ಬಂತು. ಇಂದು ಸೈಬರ್ ಭದ್ರತಾ ಕಂಪನಿಗಳಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಸಿಗುವ ಮೊದಲ ಕೆಲಸ ಇದೇ.

ಕೊಳ್ಳುವವರನ್ನು ಹೆಚ್ಚಿಸಿದ್ದು ಅನಾಹುತ ಮತ್ತು ಆದೇಶ ಎರಡೂ. ಮಿಂಟ್ ರಸ್ತೆಯ ರಿಸರ್ವ್ ಬ್ಯಾಂಕ್ 2016ರ ಜೂನ್ 2ರಂದು ಬ್ಯಾಂಕುಗಳಿಗೆ ಸೈಬರ್ ಭದ್ರತೆಯ ಚೌಕಟ್ಟು ಹೊರಡಿಸಿ, ದಾಳಿ ನಡೆದರೆ 2ರಿಂದ 6 ಗಂಟೆಗಳೊಳಗೆ ತಿಳಿಸಬೇಕೆಂದಿತು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯ ಎಂಬ ಸೈಬರ್ ದಾಳಿಗೆ ಹಡಗು ಸಾಗಣೆಯ ಮೇರ್ಸ್ಕ್ ಕಂಪನಿ ಸಿಲುಕಿದಾಗ ನ್ಹಾವಾ ಶೇವಾ ಬಂದರಿನ ಒಂದು ಟರ್ಮಿನಲ್ಲಿನ ಗಣಕ ವ್ಯವಸ್ಥೆ ನಿಂತಿತು. 1944ರಂತೆ ಈಗಲೂ ಪಾಠ ಬಂದರಿನಿಂದಲೇ ಬಂತು, ಈ ಸಲ ಹೊಗೆ ಮಾತ್ರ ಇರಲಿಲ್ಲ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ದೋಚಲಾಯಿತು. ಅದೇ ವರ್ಷದ ಅಕ್ಟೋಬರ್ 19ರಂದು ನಗರ ಸಹಕಾರಿ ಬ್ಯಾಂಕುಗಳಿಗೂ ಮೂಲಭೂತ ಚೌಕಟ್ಟು ಬಂತು. 2019ರ ಕೊನೆಗೆ ಅವನ್ನು ನಾಲ್ಕು ಹಂತಗಳಾಗಿ ವಿಂಗಡಿಸಲಾಯಿತು. ಚಿತ್ರಾಪುರ ಸಾರಸ್ವತರು 1906ರಲ್ಲಿ ಕಟ್ಟಿದ ಶಾಮರಾವ್ ವಿಠಲ್ ಬ್ಯಾಂಕ್, ಬಿಲ್ಲವ ಸಮುದಾಯ 1978ರಲ್ಲಿ ಕಟ್ಟಿದ ಭಾರತ್ ಬ್ಯಾಂಕ್‌ನಂಥ, ಕರಾವಳಿ ಮೂಲದವರ ನಂಬಿಕೆಯ ಮೇಲೆ ನಿಂತ ಸಂಸ್ಥೆಗಳಿಗೂ ಸೈಬರ್ ಭದ್ರತೆ ನಿಯಮಬದ್ಧ ವೆಚ್ಚವಾಯಿತು. ಕೇಂದ್ರದ ಸೈಬರ್ ತುರ್ತು ಸ್ಪಂದನ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ದಾಳಿಯ ವರದಿಗೆ 6 ಗಂಟೆಗಳ ಗಡುವು ವಿಧಿಸಿತು. 2024ರ ಆಗಸ್ಟ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ತನ್ನ ವ್ಯಾಪ್ತಿಯ ಸಂಸ್ಥೆಗಳಿಗೆ ಸಮಗ್ರ ಚೌಕಟ್ಟು ಕೊಟ್ಟಿತು.

ಇಂದಿನ ಸಂದರ್ಶನದಲ್ಲಿ ಈ ಎಲ್ಲ ಪದರಗಳೂ ಉಳಿದಿವೆ. ಫಿಶಿಂಗ್, ರ‍್ಯಾನ್ಸಮ್‌ವೇರ್, ಫೈರ್‌ವಾಲ್, ಎರಡು ಹಂತದ ದೃಢೀಕರಣ ಎಂದರೇನು ಎಂಬುದನ್ನು ಅಂಗಡಿಯವನಿಗೂ ಅರ್ಥವಾಗುವಂತೆ ಹೇಳಲು ಬರಬೇಕು. ಪ್ರೋಗ್ರಾಂ ಬರೆಯಲು ಬರಬೇಕಿಲ್ಲ. ಸಂದರ್ಶಕರೇ ಗಿರಾಕಿಯ ವೇಷ ಹಾಕಿ ‘ನಮ್ಮಲ್ಲಿ ಆಂಟಿವೈರಸ್ ಇದೆ, ಬೇರೇನೂ ಬೇಡ’ ಎಂದು ಕರೆ ಕಡಿಯುವ ಅಣಕು ಸಂಭಾಷಣೆ ಇರುತ್ತದೆ. ಅಲ್ಲಿ ಗೆಲ್ಲುವುದು ವಾದವಲ್ಲ, ಪ್ರಶ್ನೆ: ಕಚೇರಿಯಲ್ಲಿ ಎಷ್ಟು ಯಂತ್ರಗಳಿವೆ, ಬ್ಯಾಕಪ್ ಎಲ್ಲಿದೆ, ಕಳೆದ ಸಲ ವ್ಯವಸ್ಥೆ ನಿಂತಾಗ ಎಷ್ಟು ಹೊತ್ತು ಕೆಲಸ ಕೆಟ್ಟಿತು? ಬ್ಯಾಂಕಿನಲ್ಲಿ ಭದ್ರತಾಧಿಕಾರಿ ಅಪಾಯ ಅಳೆಯುತ್ತಾನೆ, ಹಣಕಾಸು ವಿಭಾಗ ಖರ್ಚು ಅಳೆಯುತ್ತದೆ, ಆಡಳಿತ ಮಂಡಳಿ ಹೊಣೆ ಹೊರುತ್ತದೆ ಎಂಬ ತಿಳಿವಳಿಕೆ, ಕಂಪನಿಯ ಸರಕಿನ ಪರಿಚಯ, ರಿಸರ್ವ್ ಬ್ಯಾಂಕ್ ಮತ್ತು ಸೆಬಿ ನಿಯಮಗಳ ಸಾರಾಂಶ, ಇತ್ತೀಚಿನ ಒಂದು ದಾಳಿಯ ಕಥೆ ಇವು ಸಿದ್ಧತೆಯ ತಿರುಳು. ‘ನೂರಕ್ಕೆ ನೂರು ಸುರಕ್ಷಿತ’ ಎಂದು ಭರವಸೆ ಕೊಟ್ಟ ಅಭ್ಯರ್ಥಿ ಅನುಭವಿಗಳ ಕಣ್ಣಲ್ಲಿ ಸೋಲುತ್ತಾನೆ, ಏಕೆಂದರೆ ಅಂಥ ಬೀಗ ಲಾಲ್‌ಬಾಗ್‌ನಲ್ಲೂ ತಯಾರಾಗಿರಲಿಲ್ಲ.

ವಿಮಾ ಏಜೆಂಟರ ಪರವಾನಗಿಗೆ 2000ದ ನಿಯಮಾವಳಿ 100 ಗಂಟೆಗಳ ತರಬೇತಿಯನ್ನೂ ಪರೀಕ್ಷೆಯನ್ನೂ ಕಡ್ಡಾಯ ಮಾಡಿತು. ಸೈಬರ್ ಭದ್ರತೆ ಮಾರುವವರಿಗೆ ಅಂಥ ಪರವಾನಗಿ ಇಲ್ಲ. ಅವರ ಮಾತು ನಂಬಲು ಯೋಗ್ಯವೇ ಎಂದು ಗಿರಾಕಿಗಿಂತ ಮೊದಲು ಅಳೆಯುವುದು ಕೆಲಸಕ್ಕೆ ಸೇರಿಸಿಕೊಳ್ಳುವ ಸಂದರ್ಶನ ಒಂದೇ.