ಹೊರದೇಶಕ್ಕೆ ತೆರಳುವ ಆಪ್ಟೋಮೆಟ್ರಿಸ್ಟರು: ಪರವಾನಗಿ ಪರೀಕ್ಷೆಗಳ ಒಂದು ಪರಿಚಯ

ಅಕ್ಷರಗಳ ಫಲಕವನ್ನು ಓದಿಸಿ, ಮಸೂರಗಳನ್ನು ಒಂದಾದ ಮೇಲೊಂದರಂತೆ ಬದಲಾಯಿಸುತ್ತ ನಮ್ಮ ದೃಷ್ಟಿಯನ್ನು ಅಳೆಯುವವರನ್ನು ನಾವೆಲ್ಲರೂ ಬಲ್ಲೆವು. ಈ ವಿದ್ಯೆಯಲ್ಲಿ ಪದವಿ ಪಡೆದವರನ್ನು ಆಪ್ಟೋಮೆಟ್ರಿಸ್ಟ್ ಎನ್ನುತ್ತಾರೆ. ಶಸ್ತ್ರಚಿಕಿತ್ಸೆ ಮಾಡುವ ನೇತ್ರವೈದ್ಯರು ಬೇರೆ, ಇವರು ಬೇರೆ. ಚೆನ್ನೈನಲ್ಲಿ 1985ರಲ್ಲಿ ಆರಂಭವಾದ ಎಲೀಟ್ ಸ್ಕೂಲ್ ಆಫ್ ಆಪ್ಟೋಮೆಟ್ರಿ, ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ, ಮುಂಬಯಿಯ ಲೋಟಸ್ ಕಾಲೇಜು, ನಮ್ಮದೇ ಮಣಿಪಾಲ ಮೊದಲಾದೆಡೆ ಈ ಶಿಕ್ಷಣ ದೊರೆಯುತ್ತದೆ. ಪದವಿಯ ಅವಧಿ ನಾಲ್ಕು ವರ್ಷ. ಅದರಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್.

ಪದವಿ ಕೈಗೆ ಬಂದೊಡನೆ ಅನೇಕ ಮನೆಗಳಲ್ಲಿ ವಿದೇಶದ ಮಾತು ಹೊರಡುತ್ತದೆ. ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಅರ್ಜಿಗಳನ್ನು ನೋಡುವ ನಮ್ಮ ಬಳಿ ತಂದೆತಾಯಿಗಳು ಬಡ್ಡಿಯ ದರವನ್ನು ತಪ್ಪದೆ ಕೇಳುತ್ತಾರೆ. ಆದರೆ ಈ ವ್ಯಾಸಂಗದಿಂದ ಆ ದೇಶದಲ್ಲಿ ವೃತ್ತಿ ನಡೆಸಲು ಪರವಾನಗಿ ದೊರೆಯುವುದೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಲೇಖನದ ಉದ್ದೇಶ ಆ ಪ್ರಶ್ನೆಯತ್ತ ಗಮನ ಸೆಳೆಯುವುದೇ ಆಗಿದೆ.

ಪದವಿಯೊಂದೇ ಏಕೆ ಸಾಲದು?

ಆಪ್ಟೋಮೆಟ್ರಿಸ್ಟ್ ಎಂಬ ಹೆಸರು ಎಲ್ಲೆಡೆ ಒಂದೇ ಆದರೂ ಕಾನೂನು ಅವರಿಗೆ ಕೊಟ್ಟಿರುವ ಅಧಿಕಾರ ಒಂದೇ ಅಲ್ಲ. 1927ರಲ್ಲಿ ಸ್ಥಾಪಿತವಾದ ವಿಶ್ವ ಆಪ್ಟೋಮೆಟ್ರಿ ಮಂಡಳಿಯು ಈ ವೃತ್ತಿಯ ವ್ಯಾಪ್ತಿಯನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದೆ. ಕನ್ನಡಕ, ಮಸೂರಗಳನ್ನು ಸಿದ್ಧಪಡಿಸಿ ಒದಗಿಸುವುದು ಮೊದಲನೆಯದು. ದೃಷ್ಟಿದೋಷವನ್ನು ಅಳೆದು ಸರಿಪಡಿಸುವುದು ಎರಡನೆಯದು. ಕಣ್ಣಿನ ರೋಗಗಳನ್ನು ಗುರುತಿಸುವುದು ಮೂರನೆಯದು. ಔಷಧಗಳಿಂದ ಚಿಕಿತ್ಸೆ ನೀಡುವುದು ನಾಲ್ಕನೆಯದು.

ಒಂದು ದೇಶ ಯಾವ ಮೆಟ್ಟಿಲಿನವರೆಗೆ ಅಧಿಕಾರ ನೀಡಿದೆಯೋ ಅಷ್ಟಕ್ಕೂ ಪರೀಕ್ಷೆ ನಡೆಸುತ್ತದೆ. ಆದ್ದರಿಂದ ಇಲ್ಲಿ ಚಿನ್ನದ ಪದಕ ಗಳಿಸಿದವರೂ ಅಲ್ಲಿ ಹೊಸ ಅಭ್ಯರ್ಥಿಗಳೇ ಆಗುತ್ತಾರೆ. ಇದು ಅವಮಾನವಲ್ಲ, ರೋಗಿಯ ರಕ್ಷಣೆಗೆಂದು ಮಾಡಿಕೊಂಡ ಏರ್ಪಾಡು.

ಕೊಲ್ಲಿ ರಾಷ್ಟ್ರಗಳು

ನಮ್ಮವರಿಗೆ ಹೆಚ್ಚು ಪರಿಚಿತವಾದ ಹಾದಿ ಇದು. ಹೋಲಿಕೆಯಲ್ಲಿ ಸುಲಭವಾದದ್ದೂ ಹೌದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ದುಬೈಗೆ ಒಂದು, ಅಬುಧಾಬಿಗೆ ಒಂದು, ಉಳಿದ ಎಮಿರೇಟುಗಳಿಗೆ ಕೇಂದ್ರ ಆರೋಗ್ಯ ಸಚಿವಾಲಯ ಎಂದು ಪ್ರತ್ಯೇಕ ಪ್ರಾಧಿಕಾರಗಳಿವೆ. ಸೌದಿ ಅರೇಬಿಯಾದಲ್ಲಿ ಆರೋಗ್ಯ ವೃತ್ತಿಗಳ ಆಯೋಗವೊಂದು ನೋಂದಣಿ ನೀಡುತ್ತದೆ. ಸಾಮಾನ್ಯವಾಗಿ ಮೂರು ಹಂತಗಳು: ಪದವಿ ಮತ್ತು ಅನುಭವದ ದಾಖಲೆಗಳನ್ನು ಅವುಗಳನ್ನು ನೀಡಿದ ಸಂಸ್ಥೆಯಿಂದಲೇ ನೇರವಾಗಿ ದೃಢಪಡಿಸಿಕೊಳ್ಳುವುದು, ಗಣಕಯಂತ್ರದಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ, ಬಳಿಕ ಕೆಲಸ ಕೊಡುವ ಸಂಸ್ಥೆಯ ಮೂಲಕ ಪರವಾನಗಿ. ಹಲವು ಪರೀಕ್ಷೆಗಳನ್ನು ಭಾರತದ ನಗರಗಳಲ್ಲಿಯೇ ಬರೆಯಬಹುದು.

ದಾಖಲೆಗಳ ವಿಷಯದಲ್ಲಿ ನಮ್ಮವರಿಗೆ ವಿಶೇಷವಾದ ತೊಡಕೊಂದಿದೆ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇರುತ್ತದೆ; ಪಾಸ್‌ಪೋರ್ಟಿನಲ್ಲಿ ತಂದೆಯ ಅಥವಾ ಊರಿನ ಹೆಸರು ಪೂರ್ಣವಾಗಿರುತ್ತದೆ. ಇವೆರಡನ್ನೂ ಮೊದಲೇ ಹೊಂದಿಸಿಕೊಳ್ಳುವುದು ಲೇಸು.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್

ಈ ಎರಡು ದೇಶಗಳಿಗೆ ಸೇರಿ ಒಂದೇ ಆಪ್ಟೋಮೆಟ್ರಿ ಮಂಡಳಿ ಅರ್ಹತಾ ಪರೀಕ್ಷೆ ನಡೆಸುತ್ತದೆ. ಜ್ಞಾನವನ್ನು ಅಳೆಯುವ ಲಿಖಿತ ಭಾಗದ ಅನಂತರ ಕೈಕೆಲಸವನ್ನು ಅಳೆಯುವ ಪ್ರಾಯೋಗಿಕ ಭಾಗವಿದೆ. ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಸಾಮಾನ್ಯ ನೋಂದಣಿ ಬಯಸುವವರಿಗೆ 2014ರ ಡಿಸೆಂಬರ್ 1ರಿಂದ ಕಣ್ಣಿನ ಔಷಧಗಳನ್ನು ಬರೆದುಕೊಡುವ ಅರ್ಹತೆಯೂ ಅವಶ್ಯವಾಗಿದೆ. ಕೇವಲ ದೃಷ್ಟಿಮಾಪನದಲ್ಲಿ ನುರಿತವರು ಎಡವುವುದು ಇಲ್ಲಿಯೇ. ಉಭಯ ದೇಶಗಳ ನಡುವೆ 1997ರ ಪರಸ್ಪರ ಮಾನ್ಯತೆಯ ಕಾನೂನು ಇರುವುದರಿಂದ, ಒಂದು ದೇಶದಲ್ಲಿ ನೋಂದಣಿಯಾದವರಿಗೆ ಇನ್ನೊಂದರಲ್ಲಿ ಹಾದಿ ಸುಗಮವಾಗುತ್ತದೆ. ಇಂತಹ ಒಪ್ಪಂದಗಳು ಜಗತ್ತಿನಲ್ಲಿ ಅಪರೂಪ.

ಕೆನಡಾ ಮತ್ತು ಅಮೆರಿಕ

ಕೆನಡಾದಲ್ಲಿ ಪರವಾನಗಿ ನೀಡುವುದು ಪ್ರಾಂತ್ಯಗಳ ಅಧಿಕಾರ. ಹೊರದೇಶದ ಪದವೀಧರರು ಮೊದಲು ಪ್ರಾಂತೀಯ ಮಂಡಳಿಗಳ ಒಕ್ಕೂಟದಿಂದ ತಮ್ಮ ವಿದ್ಯಾರ್ಹತೆಯ ಮೌಲ್ಯಮಾಪನ ಮಾಡಿಸಿಕೊಳ್ಳಬೇಕು. ಆ ಬಳಿಕ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳ ಸರದಿ. ಇಡೀ ದೇಶದಲ್ಲಿ ಆಪ್ಟೋಮೆಟ್ರಿ ಕಲಿಸುವ ವಿಶ್ವವಿದ್ಯಾಲಯಗಳು ಎರಡೇ: ಇಂಗ್ಲಿಷಿನಲ್ಲಿ ವಾಟರ್ಲೂ, ಫ್ರೆಂಚಿನಲ್ಲಿ ಮಾಂಟ್ರಿಯಲ್.

ಅಮೆರಿಕದ ಹಾದಿ ಎಲ್ಲಕ್ಕಿಂತ ದೀರ್ಘ. ಅಲ್ಲಿ ಆಪ್ಟೋಮೆಟ್ರಿಸ್ಟರಾಗಲು ಸಾಮಾನ್ಯ ಪದವಿ ವ್ಯಾಸಂಗದ ಮೇಲೆ ನಾಲ್ಕು ವರ್ಷಗಳ ಡಾಕ್ಟರ್ ಆಫ್ ಆಪ್ಟೋಮೆಟ್ರಿ ಪದವಿ ಬೇಕು. ಅದೂ ಅಲ್ಲಿನ ಮಾನ್ಯತಾ ಮಂಡಳಿ ಒಪ್ಪಿದ ಕಾಲೇಜಿನದೇ ಆಗಿರಬೇಕೆಂಬುದು ರಾಜ್ಯಗಳ ಸಾಮಾನ್ಯ ನಿಯಮ. ಇದರೊಂದಿಗೆ 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಮೂರು ಭಾಗಗಳು: ಮೂಲವಿಜ್ಞಾನ, ರೋಗಿಯ ತಪಾಸಣೆ ಹಾಗೂ ನಿರ್ವಹಣೆ, ಪ್ರಾಯೋಗಿಕ ಕೌಶಲ. ಮೂರನೆಯದಕ್ಕೆ ಉತ್ತರ ಕೆರೊಲಿನಾದ ಶಾರ್ಲಟ್ ನಗರಕ್ಕೇ ಹೋಗಬೇಕು.

ಅಲ್ಲಿಯೂ ರಾಜ್ಯದಿಂದ ರಾಜ್ಯಕ್ಕೆ ಅಧಿಕಾರ ಬೇರೆ. ಒಕ್ಲಹೋಮ ರಾಜ್ಯವು 1998ರಷ್ಟು ಹಿಂದೆಯೇ ಕೆಲವು ಲೇಸರ್ ಚಿಕಿತ್ಸೆಗಳಿಗೆ ಆಪ್ಟೋಮೆಟ್ರಿಸ್ಟರಿಗೆ ಅನುಮತಿ ನೀಡಿತು. ಅನೇಕ ರಾಜ್ಯಗಳು ಇಂದಿಗೂ ನೀಡಿಲ್ಲ. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕಾಲೇಜಿನಂತಹ ಕೆಲವೆಡೆ ಹೊರದೇಶದ ಪದವೀಧರರಿಗೆ ಸಂಕ್ಷಿಪ್ತ ಅವಧಿಯ ಪ್ರವೇಶವಿದೆ.

ಇಲ್ಲಿ ಒಂದು ಎಚ್ಚರಿಕೆ. ದೃಷ್ಟಿವಿಜ್ಞಾನದ ಸ್ನಾತಕೋತ್ತರ ಪದವಿಯು ಸಂಶೋಧನೆಗೆ, ಅಧ್ಯಾಪನಕ್ಕೆ ಉತ್ತಮವಾದದ್ದು. ಆದರೆ ಅದೊಂದರಿಂದಲೇ ರೋಗಿಗಳನ್ನು ನೋಡುವ ಪರವಾನಗಿ ದೊರೆಯುವುದಿಲ್ಲ. ಹೆಸರಿನಲ್ಲಿ ಸಾಮ್ಯವಿರುವ ಈ ಎರಡು ಪದವಿಗಳನ್ನು ಒಂದೆಂದು ಭಾವಿಸಿ ಸಾಲ ಮಾಡಿದರೆ, ಓದು ಮುಗಿಯುವ ಹೊತ್ತಿಗೆ ಕಂತು ಆರಂಭವಾಗಿರುತ್ತದೆ, ವೃತ್ತಿ ಆರಂಭವಾಗಿರುವುದಿಲ್ಲ.

ಬ್ರಿಟನ್

1958ರ ಕಾನೂನಿನಂತೆ ರಚಿತವಾದ ಜನರಲ್ ಆಪ್ಟಿಕಲ್ ಕೌನ್ಸಿಲಿನ ನೋಂದಣಿಯಿಲ್ಲದೆ ಬ್ರಿಟನ್ನಿನಲ್ಲಿ ಆಪ್ಟೋಮೆಟ್ರಿಸ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಹೊರದೇಶದವರ ಪಠ್ಯಕ್ರಮ, ಅನುಭವ, ಇಂಗ್ಲಿಷ್ ಭಾಷೆಯ ಪ್ರಭುತ್ವ ಇವೆಲ್ಲವನ್ನೂ ಕೌನ್ಸಿಲು ಪರಿಶೀಲಿಸುತ್ತದೆ. ಔಷಧಗಳನ್ನು ಸ್ವತಂತ್ರವಾಗಿ ಬರೆದುಕೊಡುವುದು ಅಲ್ಲಿ ನೋಂದಣಿಯ ಮೇಲಿನ ಹೆಚ್ಚುವರಿ ಅರ್ಹತೆ.

ಸ್ವದೇಶದ ನೋಂದಣಿ

ವಿದೇಶಿ ಮಂಡಳಿಗಳು ಸಾಮಾನ್ಯವಾಗಿ ಕೇಳುವ ಕಾಗದವೆಂದರೆ, ಈ ವ್ಯಕ್ತಿ ಸ್ವದೇಶದಲ್ಲಿ ನೋಂದಾಯಿತರು, ಇವರ ಮೇಲೆ ಶಿಸ್ತುಕ್ರಮವಿಲ್ಲ ಎಂಬ ಪ್ರಮಾಣಪತ್ರ. ವೈದ್ಯರಿಗೆ ಇರುವಂತಹ ಶಾಸನಬದ್ಧ ರಾಷ್ಟ್ರೀಯ ಮಂಡಳಿ ಆಪ್ಟೋಮೆಟ್ರಿಸ್ಟರಿಗೆ ಇಲ್ಲದಿದ್ದ ಕಾರಣ ನಮ್ಮವರಿಗೆ ಇದೊಂದು ಕೊರತೆಯೇ ಆಗಿತ್ತು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಂಬಂಧಿತ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ಆಪ್ಟೋಮೆಟ್ರಿಸ್ಟರನ್ನೂ ಒಳಗೊಂಡಿದ್ದು, ರಾಷ್ಟ್ರ ಮತ್ತು ರಾಜ್ಯ ಮಟ್ಟದ ನೋಂದಣಿ ಪುಸ್ತಕಗಳಿಗೆ ಅವಕಾಶ ಕಲ್ಪಿಸಿದೆ. ತಾವು ನೆಲೆಸಿರುವ ರಾಜ್ಯದ ಮಂಡಳಿಯಲ್ಲಿ ಈ ಬಗ್ಗೆ ವಿಚಾರಿಸಿಕೊಳ್ಳುವುದು ಮೊದಲ ಕೆಲಸವಾಗಲಿ.

ಹಣ ಕಟ್ಟುವ ಮುನ್ನ

ಮೊದಲು ದೇಶವನ್ನಷ್ಟೇ ಅಲ್ಲ, ರಾಜ್ಯ ಅಥವಾ ಪ್ರಾಂತ್ಯವನ್ನೂ ನಿಶ್ಚಯಿಸಿಕೊಳ್ಳಬೇಕು. ಎರಡನೆಯದಾಗಿ, ಅಲ್ಲಿನ ಮಂಡಳಿಗೇ ಬರೆದು, ತಮ್ಮ ಪದವಿಯಿಂದ ಯಾವ ಪರೀಕ್ಷೆಗೆ ಕುಳಿತುಕೊಳ್ಳಬಹುದೆಂಬುದನ್ನು ಲಿಖಿತವಾಗಿ ತಿಳಿಯಬೇಕು; ಮಧ್ಯವರ್ತಿಯ ಭರವಸೆ ಇದಕ್ಕೆ ಬದಲಿಯಾಗದು. ಮೂರನೆಯದಾಗಿ, ಭಾಷಾ ಪರೀಕ್ಷೆಯ ಫಲಿತಾಂಶಕ್ಕೆ ಕಾಲಮಿತಿ ಇರುವುದರಿಂದ ಅದನ್ನು ಬಹಳ ಮುಂಚಿತವಾಗಿ ಬರೆಯಬಾರದು. ಕೊನೆಯದಾಗಿ, ಪರೀಕ್ಷಾ ಶುಲ್ಕ, ಪ್ರಯಾಣ, ಮರುಪರೀಕ್ಷೆಯ ಸಾಧ್ಯತೆ ಇವುಗಳನ್ನೂ ಸಾಲದ ಲೆಕ್ಕಕ್ಕೆ ಸೇರಿಸಬೇಕು. ಶುಲ್ಕ, ನಿಯಮಗಳು ಆಗಾಗ ಬದಲಾಗುತ್ತವೆಯಾದ್ದರಿಂದ ಅರ್ಜಿ ಹಾಕುವ ದಿನ ಮತ್ತೊಮ್ಮೆ ನೋಡಿಕೊಳ್ಳುವುದು ಅಗತ್ಯ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯಂತೆ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿಯ ತೊಂದರೆಯಿದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರದು ತಡೆಯಬಹುದಾಗಿದ್ದ ಅಥವಾ ಇನ್ನೂ ಪರಿಹಾರ ಕಾಣದಿರುವ ತೊಂದರೆ. ಈ ವಿದ್ಯೆ ಬಲ್ಲವರಿಗೆ ಎಲ್ಲೆಡೆ ಕೆಲಸವಿದೆ, ನಮ್ಮ ನಾಡಿನಲ್ಲಿಯೂ ಇದೆ. ಹೊರಡುವವರು ಹಾದಿಯನ್ನು ಅರಿತು ಹೊರಡಲಿ, ಅವರ ಶ್ರಮ ಸಫಲವಾಗಲಿ ಎಂದು ಹಾರೈಸುತ್ತೇವೆ.