ಬಿದಿರು, ಮೇದರು ಮತ್ತು ಅರಣ್ಯದ ಕಾಯಿದೆ

ಕೈಕಸುಬುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವಸ್ತುವಿನ ಅಂದವನ್ನೂ ಕೆಲಸಗಾರನ ಕೈಚಳಕವನ್ನೂ ವರ್ಣಿಸಿ ಮುಗಿಸುವರು. ಆ ಕಸುಬಿಗೆ ಬೇಕಾದ ಕಚ್ಚಾ ಸಾಮಗ್ರಿಯು ಯಾರ ವಶದಲ್ಲಿದ್ದಿತೆಂಬ ಪ್ರಶ್ನೆ ಹಿಂದುಳಿಯುತ್ತದೆ. ಕನ್ನಡ ನಾಡಿನ ಮೇದರ ಮಟ್ಟಿಗೆ ಈ ಪ್ರಶ್ನೆಯೇ ಮುಖ್ಯವಾದುದೆಂದು ತೋರಿಸುವುದು ಈ ಲೇಖನದ ಉದ್ದೇಶ.

ಈ ವೃತ್ತಿ ಪ್ರಾಚೀನವಾದುದು. 12ನೆಯ ಶತಮಾನದ ಶರಣರಲ್ಲಿ ಮೇದರ ಕೇತಯ್ಯನೂ ಒಬ್ಬನು; ‘ಗವರೇಶ್ವರ’ ಎಂಬುದು ಅವನ ವಚನಗಳ ಅಂಕಿತ. ಅವನು ಕಾಡಿನಿಂದ ಬಿದಿರು ತಂದು, ಬುಟ್ಟಿ ಮೊರಗಳನ್ನು ಹೆಣೆದು ಮಾರಿ ದಾಸೋಹ ನಡೆಸುತ್ತಿದ್ದನೆಂದು ಸಂಪ್ರದಾಯ ಹೇಳುತ್ತದೆ. ಇಂತಹ ಕಥೆಗಳ ಪ್ರತಿಯೊಂದು ವಿವರವನ್ನೂ ನಾವು ಚರಿತ್ರೆಯೆಂದು ಸ್ವೀಕರಿಸಲಾರೆವು. ಆದರೆ ಮೇದನ ಕಾಯಕ ಆರಂಭವಾಗುವುದು ಕಾಡಿನಲ್ಲಿ ಎಂಬುದಕ್ಕೆ ಅವು ಸಾಕ್ಷಿಯಾಗಿವೆ. 1909ರಲ್ಲಿ ದಕ್ಷಿಣ ಭಾರತದ ಜಾತಿಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ ಥರ್ಸ್ಟನ್, ಜರಡಿ, ಬುಟ್ಟಿ, ತೊಟ್ಟಿಲು, ಚಾಪೆ, ಬೀಸಣಿಗೆ, ತಟ್ಟಿ ಮೊದಲಾದವನ್ನು ಮೇದರ ಕೆಲಸವೆಂದು ಗುರುತಿಸಿದ್ದಾನೆ. ಗೌರಿಹಬ್ಬದ ಬಾಗಿನಕ್ಕೆ ಇಂದಿಗೂ ಮೊರವೇ ಬೇಕು.

ಈ ಕಸುಬು ಶತಮಾನಗಳ ಕಾಲ ಬಾಳಿದುದಕ್ಕೆ ಬಿದಿರಿನ ಸ್ವಭಾವವೇ ಒಂದು ಕಾರಣ. ಬಿದಿರು ಮರವಲ್ಲ, ಹುಲ್ಲಿನ ಜಾತಿಗೆ ಸೇರಿದುದು. ಮಳೆಗಾಲದಲ್ಲಿ ಮೊಳೆತ ಕಳಲೆ ಕೆಲವೇ ತಿಂಗಳಲ್ಲಿ ಪೂರ್ಣ ಎತ್ತರಕ್ಕೆ ಬೆಳೆದು, ಮುಂದಿನ ಎರಡು ಮೂರು ವರ್ಷಗಳಲ್ಲಿ ಬಲಿಯುತ್ತದೆ. ಬಲಿತ ಗಳಗಳನ್ನು ಮಾತ್ರ ಕಡಿದು ಎಳೆಯವನ್ನು ಉಳಿಸಿದರೆ, ಹೂಬಿಟ್ಟು ಸಾಯುವವರೆಗೂ ಮೆಳೆ ಬರಿದಾಗುವುದಿಲ್ಲ. ಸವೆದ ಬುಟ್ಟಿ ಒಲೆಯನ್ನೋ ಗೊಬ್ಬರದ ಗುಂಡಿಯನ್ನೋ ಸೇರುತ್ತದೆ; ಕಸವಾಗಿ ಉಳಿಯುವುದಿಲ್ಲ.

ಕಾಯಿದೆಯ ದೃಷ್ಟಿ ಬೇರೆಯಾಗಿದ್ದಿತು. 1927ರ ಭಾರತೀಯ ಅರಣ್ಯ ಕಾಯಿದೆಯು ‘ಮರ’ ಎಂಬ ಶಬ್ದದ ಅರ್ಥದಲ್ಲಿ ಬಿದಿರನ್ನೂ ಬೆತ್ತವನ್ನೂ ಸೇರಿಸಿತು. ಇತ್ತ ಬಿದಿರಿಗೆ ಹೊಸ ಗಿರಾಕಿಯೂ ಹುಟ್ಟಿಕೊಂಡಿತು. 1936ರಲ್ಲಿ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯೂ, 1955ರಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯೂ ಸ್ಥಾಪಿತವಾದವು. ಕಾರ್ಖಾನೆಗಳಿಗೆ ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದದಂತೆ ಅತ್ಯಲ್ಪ ದರಕ್ಕೆ ಬಿದಿರು ದೊರೆಯುತ್ತಿದ್ದರೆ, ಮೇದರು ಅದನ್ನೇ ಪೇಟೆಯ ದರಕ್ಕೆ ಕೊಳ್ಳಬೇಕಾಗಿದ್ದಿತು.

1970ರ ದಶಕದಲ್ಲಿ ಬಿದಿರಿನ ಅಭಾವವನ್ನು ಕುರಿತು ಮೇದರು ಸರ್ಕಾರಕ್ಕೆ ದೂರಿತ್ತರು. ತರುವಾಯ ಮಾಧವ ಗಾಡ್ಗೀಳರೂ ನರೇಂದ್ರ ಪ್ರಸಾದರೂ ನಡೆಸಿದ ಅಧ್ಯಯನದಲ್ಲಿ ಗಮನಾರ್ಹವಾದ ಒಂದು ಸಂಗತಿ ಹೊರಬಿತ್ತು. ಗಳಗಳು ಚೆನ್ನಾಗಿ ಬೆಳೆಯಲೆಂದು ಅರಣ್ಯ ಇಲಾಖೆಯವರು ಮೆಳೆಯ ಬುಡದ ಮುಳ್ಳನ್ನು ಸವರಿಸುತ್ತಿದ್ದರು. ಎಳೆಯ ಕಳಲೆಯನ್ನು ದನಕರುಗಳಿಂದಲೂ ಮುಸುವಗಳಿಂದಲೂ ಕಾಪಾಡುವುದೇ ಆ ಮುಳ್ಳು ಎಂದು ಉತ್ತರ ಕನ್ನಡದ ಹಳ್ಳಿಗರು ತಿಳಿಸಿದರು; ಪರೀಕ್ಷಿಸಿ ನೋಡಲಾಗಿ ಹಳ್ಳಿಗರ ಮಾತೇ ನಿಜವಾಯಿತು.

2006ರ ಅರಣ್ಯ ಹಕ್ಕುಗಳ ಕಾಯಿದೆಯು ಬಿದಿರನ್ನೂ ಬೆತ್ತವನ್ನೂ ಕಿರು ಅರಣ್ಯ ಉತ್ಪನ್ನಗಳೆಂದು ಎಣಿಸಿತು. 2017ರ ತಿದ್ದುಪಡಿಯಿಂದ ಕೇಂದ್ರದ ಅರಣ್ಯ ಕಾಯಿದೆಯ ‘ಮರ’ದ ವ್ಯಾಖ್ಯೆಯಿಂದ ಬಿದಿರನ್ನು ತೆಗೆಯಲಾಯಿತು. ಆದರೆ ಮೊದಲನೆಯದರ ಹಕ್ಕು ಅರಣ್ಯವಾಸಿಗಳಿಗೆ. ಎರಡನೆಯದರ ಅನುಕೂಲ ಅರಣ್ಯದ ಹೊರಗೆ ಬಿದಿರು ಬೆಳೆಯುವ ಭೂಮಿಯುಳ್ಳವರಿಗೆ. ಕಾಡಿನಲ್ಲಿ ವಾಸವಿಲ್ಲದ, ಹೊಲವೂ ಇಲ್ಲದ ಪೇಟೆಯ ಮೇದನಿಗೆ ಇವೆರಡರಿಂದಲೂ ನೇರವಾಗಿ ದೊರೆತುದು ಸ್ವಲ್ಪವೇ.

ಮೇದರ ವೃತ್ತಿಯನ್ನು ಪ್ಲಾಸ್ಟಿಕ್ ನುಂಗಿತೆಂಬ ಮಾತು ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ಪೇಟೆಯಲ್ಲಿ ಬುಟ್ಟಿಯ ಬೆಲೆ ಕುಸಿಯುವ ಮೊದಲೇ ಕಾಡಿನಲ್ಲಿ ಬಿದಿರಿನ ಮೇಲಿನ ಹಿಡಿತ ತಪ್ಪಿದ್ದಿತು. ಪರಿಸರಕ್ಕೆ ಹಾನಿಯಿಲ್ಲದ ಗೃಹೋಪಯೋಗಿ ವಸ್ತುಗಳನ್ನು ಇಂದು ಹೊಗಳುವ ನಾವು, ಅವನ್ನು ಮಾಡುವವನಿಗೆ ಬಿದಿರು ಯಾವ ಬೆಲೆಗೆ, ಯಾವ ಹಕ್ಕಿನಿಂದ ದೊರೆಯುತ್ತದೆಂದು ಕೇಳಬೇಕು. ವಿದ್ಯಾರ್ಥಿಗಳು ತಮ್ಮ ಊರಿನ ಮೇದರ ಕೇರಿಯಿಂದಲೇ ಈ ವಿಚಾರಣೆಯನ್ನು ಆರಂಭಿಸಬಹುದು.