ಸಿಫರ್‌ಗೆ ಒಡೆಯರುಂಟೆ?

ಖಾನಾಪುರದ ಉರ್ದು ಶಾಲೆಯಲ್ಲಿ ನಾವು ಲೆಕ್ಕ ಕಲಿಯುವಾಗ ಸೊನ್ನೆಗೆ ‘ಸಿಫರ್’ ಎನ್ನುತ್ತಿದ್ದೆವು. ಗೂಢಲಿಪಿಗೆ ಇಂಗ್ಲಿಷಿನಲ್ಲಿ ಹೇಳುವ ‘ಸೈಫರ್’ ಹುಟ್ಟಿದ್ದೂ ಅದೇ ಅರಬಿ ಪದದಿಂದ ಎಂಬುದು ತಿಳಿದದ್ದು ಬಹಳ ತಡವಾಗಿ.

ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ನಮ್ಮ ಅಣ್ಣನ ಮಗ ರಜೆಗೆ ಊರಿಗೆ ಬಂದಾಗ ಇಲ್ಲಿನ ಹಂಚಿನ ಕಾರ್ಖಾನೆಯೊಂದಕ್ಕೆ ಲೆಕ್ಕಪತ್ರದ ತಂತ್ರಾಂಶ ಬರೆದ. ಕೂಲಿಕಾರರ ಪಗಾರದ ವಿವರ ಪರರ ಕಣ್ಣಿಗೆ ಬೀಳದಂತೆ ಗೂಢಲಿಪಿಯ ಬೀಗ ಹಾಕಿದ. ಅದನ್ನು ಎಲ್ಲರಿಗೂ ಮುಕ್ತವಾಗಿ ಹಂಚುವ ಆಸೆ ಅವನದು. “ಚಾಚಾ, ಬೀಗ ನಾನು ಕಂಡುಹಿಡಿದದ್ದಲ್ಲ. ನಾಳೆ ಯಾರಾದರೂ ದುಡ್ಡು ಕೇಳಿದರೆ?” ಎಂದ.

ಪ್ರಶ್ನೆ ಸಣ್ಣದಲ್ಲ. ಮುಕ್ತ ತಂತ್ರಾಂಶದ ಲೈಸೆನ್ಸ್, ಬರೆದ ಸಾಲುಗಳನ್ನು ನಕಲು ಮಾಡಲು, ತಿದ್ದಲು, ಹಂಚಲು ಅನುಮತಿ ಕೊಡುತ್ತದೆ. ಆದರೆ ಆ ಸಾಲುಗಳ ಹಿಂದಿನ ವಿಧಾನದ ಮೇಲೆ ಬೇರೊಬ್ಬರ ಪೇಟೆಂಟ್ ಇದ್ದರೆ, ಎಲ್ಲವನ್ನೂ ಸ್ವಂತ ಕೈಯಿಂದ ಬರೆದರೂ ಬಿಡುಗಡೆಯಿಲ್ಲ.

ಇತಿಹಾಸವೇ ಇದಕ್ಕೆ ಸಾಕ್ಷಿ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ರೂಪಿಸಿದ ಆರ್‌ಎಸ್‌ಎ ವಿಧಾನಕ್ಕೆ 1983ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಬೇರೆ ದೇಶಗಳಲ್ಲಿ ಅದಕ್ಕೆ ಪೇಟೆಂಟ್ ಇರಲಿಲ್ಲ. ಬೆಳಗಾವಿಯಲ್ಲಿ ಸಲ್ಲುವ ಕೆಲಸ ಬಾಸ್ಟನ್‌ನಲ್ಲಿ ಸಲ್ಲದ ವಿಚಿತ್ರವಿದು. 1991ರಲ್ಲಿ ಪಿಜಿಪಿ ಎಂಬ ತಂತ್ರಾಂಶವನ್ನು ಹಂಚಿದ ಫಿಲ್ ಜಿಮ್ಮರ್‌ಮನ್ ಈ ಪೇಟೆಂಟಿನ ತಕರಾರಿಗೆ ಸಿಕ್ಕಿಬಿದ್ದರು. ಆದ್ದರಿಂದ ಜರ್ಮನಿಯ ವರ್ನರ್ ಕೋಖ್ 1999ರಲ್ಲಿ ಗ್ನೂಪಿಜಿಯ ಮೊದಲ ಪೂರ್ಣ ಆವೃತ್ತಿ ಹೊರತಂದಾಗ ಆರ್‌ಎಸ್‌ಎಯನ್ನೂ ಸ್ವಿಟ್ಜರ್ಲೆಂಡಿನ ಕಂಪೆನಿಯ ಪೇಟೆಂಟಿನಲ್ಲಿದ್ದ ಐಡಿಯಾ ವಿಧಾನವನ್ನೂ ದೂರವಿಟ್ಟರು. ಬದಲಿಗೆ ಈಜಿಪ್ಟ್ ಮೂಲದ ತಾಹಿರ್ ಅಲ್‌ಗಮಾಲ್ 1985ರಲ್ಲಿ ಪ್ರಕಟಿಸಿದ ವಿಧಾನವನ್ನು ಬಳಸಿಕೊಂಡರು.

ಆ ಬೇಲಿಗಳು ಈಗ ಬಿದ್ದುಹೋಗಿವೆ. ಆರ್‌ಎಸ್‌ಎ ಪೇಟೆಂಟ್ 2000ದಲ್ಲಿ, ಐಡಿಯಾದ್ದು 2012ರ ಹೊತ್ತಿಗೆ ಮುಗಿಯಿತು. ಬೆಲ್ಜಿಯಂನ ಇಬ್ಬರು ರೂಪಿಸಿದ, 2001ರಲ್ಲಿ ಅಮೆರಿಕ ಸರಕಾರ ಮಾನದಂಡವಾಗಿ ಒಪ್ಪಿದ ಎಇಎಸ್ ವಿಧಾನವಂತೂ ಮೊದಲಿನಿಂದಲೂ ಶುಲ್ಕರಹಿತ.

ನಮ್ಮ ದೇಶದ ಕಥೆಯೂ ಇದೆ. ಗಣಿತದ ವಿಧಾನ, ಅಲ್ಗಾರಿದಮ್, ಬರಿಯ ಕಂಪ್ಯೂಟರ್ ಪ್ರೋಗ್ರಾಂ ಇವು ಪೇಟೆಂಟಿಗೆ ಅರ್ಹವಲ್ಲವೆಂದು 2002ರ ತಿದ್ದುಪಡಿ ಹೇಳಿತು. 2004ರ ಡಿಸೆಂಬರಿನ ಸುಗ್ರೀವಾಜ್ಞೆ ಆ ಬಾಗಿಲನ್ನು ತುಸು ತೆರೆಯಿತು. 2005ರಲ್ಲಿ ಸಂಸತ್ತು ಅದನ್ನು ಮತ್ತೆ ಮುಚ್ಚಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಿಂದ ಬೆಳಗಾವಿಯಲ್ಲಿದೆ. ರಾಜ್ಯದ ಮೂಲೆಮೂಲೆಗಳಿಂದ ಇಂಜಿನಿಯರ್ ಆಗಿ ಹೊರಬರುವ ಬಡವರ ಮಕ್ಕಳಿಗೆ ಆ ಬಾಗಿಲು ಮುಚ್ಚಿದ್ದರ ಬೆಲೆ ಗೊತ್ತಿರಬೇಕು. ಆದರೂ ‘ಬರಿಯ ಪ್ರೋಗ್ರಾಂ’ ಎಂದರೇನೆಂಬ ಚರ್ಚೆ ಮುಗಿದಿಲ್ಲ. ತಂತ್ರಾಂಶ ಗಡಿ ದಾಟಿದರೆ ಅಲ್ಲಿನ ಕಾನೂನೇ ಬೇರೆ.

ಹುಡುಗನಿಗೆ ನಾವು ಹೇಳಿದ್ದಿಷ್ಟು: ಹೊಸ ಬೀಗದ ಮೋಹ ಬೇಡ, ಎಲ್ಲರಿಗೂ ಬಿಟ್ಟುಕೊಟ್ಟ ಎಇಎಸ್‌ನಂಥದ್ದನ್ನೇ ಬಳಸು, ಪೇಟೆಂಟಿನ ಮಾತನ್ನೂ ಒಳಗೊಂಡ ಲೈಸೆನ್ಸ್ ಆರಿಸಿಕೊ.

‘ಅಲ್ಗಾರಿದಮ್’ ಎಂಬ ಪದದಲ್ಲಿ ಒಂಬತ್ತನೆಯ ಶತಮಾನದ ಬಗ್ದಾದಿನ ಅಲ್ ಖ್ವಾರಿಜ್ಮಿಯ ಹೆಸರು ಅಡಗಿದೆ. ಅವರು ಭಾರತದ ಅಂಕಿಗಳ ಬಗ್ಗೆ ಗ್ರಂಥ ಬರೆದರು. ನಮ್ಮ ಶೂನ್ಯ ಅರಬಿಯಲ್ಲಿ ಸಿಫರ್ ಆಗಿ ಯುರೋಪಿಗೆ ನಡೆಯಿತು. ದಾರಿಯಲ್ಲಿ ಯಾರೂ ಅದಕ್ಕೆ ಸುಂಕ ಕೇಳಲಿಲ್ಲ. ಕೇಳಿದ್ದರೆ ಇಂದು ಯಾವ ಕಂಪ್ಯೂಟರ್ ಇರುತ್ತಿತ್ತು?